ತೂತಿರುವ ಬಿಲ್ಲೆ ಸಿಕ್ಕಿದೆ: ಹಿತ್ತಾಳೆಯೋ ಸೀಸವೋ?

ಪ್ರಶ್ನೆ:
ಮಾಲೀಕರನ್ನು ಕೇಳಿಕೊಂಡು, ಉತ್ತ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಆಡಿಸುವಾಗ ಈ ಬಿಲ್ಲೆ ಸಿಕ್ಕಿತು. ಅಗಲ 2.4 ಸೆಂ.ಮೀ., ನಡುವೆ ತೂತು, ತೂಕ 34 ಗ್ರಾಂ. ಬೂದು ಮಿಶ್ರಿತ ಬಿಳಿ ಬಣ್ಣ. ಮ್ಯಾಗ್ನೆಟ್‌ಗೆ ಅಂಟುವುದಿಲ್ಲ. ನೀರಲ್ಲಿ ತೂಗಿ ಸಾಂದ್ರತೆ ಲೆಕ್ಕ ಹಾಕಿದರೆ 8.5 ಬಂತು. ಅಂದರೆ ಹಿತ್ತಾಳೆ, ಅಲ್ವಾ? ಹುಳಿ ಹಚ್ಚಿ ತಿಕ್ಕಿ ನೋಡಲಾ?

ಉತ್ತರ:
ದಯವಿಟ್ಟು ತಿಕ್ಕಬೇಡಿ. ಮೇಲಿನ ಪದರವೇ ಗುರುತು ಹೇಳುವುದು, ಹೋದರೆ ಮತ್ತೆ ಬರುವುದಿಲ್ಲ.

ಹಿತ್ತಾಳೆ ಮಣ್ಣಲ್ಲಿದ್ದರೆ ಸಾಮಾನ್ಯವಾಗಿ ಹಸಿರು ಕಿಲುಬು ಹಿಡಿಯುತ್ತದೆ. ಬಿಳಿ ಪದರ ನೋಡಿದರೆ ನನಗೆ ಸೀಸ ಅನ್ನಿಸುತ್ತದೆ. ಹಾಗಾಗಿ ಅನುಮಾನ ನಿಮ್ಮ ಲೆಕ್ಕದ ಮೇಲೆ. ನಿಮ್ಮ ತಕ್ಕಡಿ ಪೂರ್ತಿ ಗ್ರಾಂ ಮಾತ್ರ ತೋರಿಸುತ್ತದಾ? ಸಾಂದ್ರತೆ ಅಂದರೆ ತೂಕವನ್ನು ಗಾತ್ರದಿಂದ ಭಾಗಿಸಿದ್ದು: 34 ಗ್ರಾಂ ಅನ್ನು 4 ಘನ ಸೆಂ.ಮೀ.ನಿಂದ ಭಾಗಿಸಿದರೆ 8.5, ಹಿತ್ತಾಳೆ. 3ರಿಂದ ಭಾಗಿಸಿದರೆ 11.3, ಸೀಸ. ಒಂದೇ ಗ್ರಾಂ ವ್ಯತ್ಯಾಸಕ್ಕೆ ಲೋಹವೇ ಬದಲಾಗಿಬಿಡುತ್ತದೆ!

0.1 ಗ್ರಾಂ ತೋರಿಸುವ ತಕ್ಕಡಿ ತನ್ನಿ. ನೀರಿನ ಲೋಟ ಅದರ ಮೇಲಿಟ್ಟು ಸೊನ್ನೆ ಮಾಡಿ. ಬಿಲ್ಲೆಯನ್ನು ತೆಳು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೆ, ಪಕ್ಕಕ್ಕೆ ತಾಗಬಾರದು. ತೂತಿನಲ್ಲಿ ಗಾಳಿಗುಳ್ಳೆ ಕೂತಿದ್ದರೂ ಲೆಕ್ಕ ತಪ್ಪುತ್ತದೆ, ನೀರೊಳಗೇ ಸ್ವಲ್ಪ ಅಲ್ಲಾಡಿಸಿ. ಆಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ಬಿಲ್ಲೆಯ ಗಾತ್ರ ಅಷ್ಟು ಘನ ಸೆಂ.ಮೀ.

ತೂತನ್ನು ಎರಡೂ ಕಡೆ ಅಳೆದು ತಿಳಿಸಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಸೀಸದ ಪುಡಿ ವಿಷ.

ಪ್ರಶ್ನೆ ಕೇಳಿದವರು:
ನೀವಂದದ್ದೇ ನಿಜ, ತೂತಲ್ಲಿ ಗುಳ್ಳೆ ಇತ್ತು. ಈಗ ತಕ್ಕಡಿ 3.0 ಗ್ರಾಂ ತೋರಿಸಿತು! ತೂತು ಒಂದು ಕಡೆ 8 ಮಿ.ಮೀ., ಇನ್ನೊಂದು ಕಡೆ 9. ಸರಿಯಾಗಿ ನಡುವೆಯೇ ಇದೆ. ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು.

ಉತ್ತರ:
ಹಾಗಾದರೆ ಸೀಸವೇ. ನನ್ನ ಅಂದಾಜು, ಇದು ನೂಲು ತೆಗೆಯುವ ತಕಲಿಯ ಬಿಲ್ಲೆ. ಕಡ್ಡಿ ಒಂದು ಕಡೆ ಸಣ್ಣಗಾಗುತ್ತಾ ಹೋಗುವುದರಿಂದ ತೂತೂ ಹಾಗೇ ಇರುತ್ತದೆ. ನಡುವೆ ಇಲ್ಲದಿದ್ದರೆ ತಿರುಗುವಾಗ ಓಲಾಡುತ್ತದೆ. ದಾರದಲ್ಲಿ ತೂಗುಹಾಕುವ ಬಟ್ಟಾಗಿದ್ದರೆ ತೂತಿನ ಒಂದೇ ಅಂಚು ಸವೆದಿರುತ್ತಿತ್ತು, ಅದನ್ನೂ ಒಮ್ಮೆ ನೋಡಿ.

ಇಂಥ ಬಿಲ್ಲೆಗಳ ಆಕಾರ ಶತಮಾನಗಟ್ಟಲೆ ಬದಲಾಗಲಿಲ್ಲ. ಬರೀ ಆಕಾರ ನೋಡಿ ಕಾಲ ಹೇಳುವುದು ಕಷ್ಟ. ಅದಕ್ಕೇ ಸಿಕ್ಕ ಜಾಗ, ಆಳ, ಪಕ್ಕದಲ್ಲಿ ಮಡಕೆ ಚೂರು ಇದ್ದವಾ ಅನ್ನುವುದನ್ನೆಲ್ಲ ಇವತ್ತೇ ಬರೆದಿಡಿ. ಹತ್ತಿರದ ಮ್ಯೂಸಿಯಂನವರು ಮೊದಲು ಕೇಳುವುದು ಅದನ್ನೇ.