ಸಹಾಯ ಬೇಕು: ವಿಷಬಾಣದ ಕಪ್ಪೆ ಮರಿಗಳ ಅಪ್ಪ ಯಾರು?

ಡೆಂಡ್ರೊಬೇಟಿಸ್ ಟಿಂಕ್ಟೋರಿಯಸ್, ಡೆಂಡ್ರೊಬೇಟಿಸ್ ಔರೇಟಸ್ ಎರಡೂ ಪ್ರಭೇದದ ವಿಷಬಾಣದ ಕಪ್ಪೆಗಳು ಒಂದೇ ಗಾಜಿನ ತೊಟ್ಟಿಯಲ್ಲಿದ್ದವು. ತೆಂಗಿನ ಚಿಪ್ಪಿನಡಿ ಸಿಕ್ಕ ಮೊಟ್ಟೆಗಳಿಂದ ಬಂದ ಮರಿಗಳಿಗೆ ನೀಲಿ ಕಾಲು, ಬೆನ್ನ ಮೇಲೆ ಹಸಿರು ತೇಪೆ. ಬಣ್ಣ ನೋಡಿ ಹೇಳೋಣ ಅಂದ್ರೆ ನಂಬೋ ಹಾಗಿಲ್ಲ. ಟಿಂಕ್ಟೋರಿಯಸ್‌ ಒಂದರಲ್ಲೇ ಹತ್ತಾರು ಬಣ್ಣ. 1969ರಲ್ಲಿ ಬೇರೆ ಪ್ರಭೇದ ಅಂತ ಹೆಸರಿಟ್ಟ ಸುರಿನಾಮ್‌ನ ನೀಲಿ ‘ಅಜೂರಿಯಸ್’ ಕೂಡ ಈಗ ಅದರೊಳಗೇ ಸೇರಿದೆ.

ಮರಿಗಳ ಬಾಯಿಯೊಳಗಿಂದ ಸ್ವಾಬ್ ತೆಗೆದು 16ಎಸ್ (ಪ್ರಭೇದ ಗುರುತಿಸೋಕೆ ಬಳಸೋ ಜೀನ್) ಓದಿಸಿದ್ದಾಯ್ತು, ಟಿಂಕ್ಟೋರಿಯಸ್ ಅಂತ ಬಂತು. ಆದರೆ ಅದು ಮೈಟೊಕಾಂಡ್ರಿಯದ್ದು, ತಾಯಿಯ ಕಡೆ ಮಾತ್ರ ಹೇಳುತ್ತೆ. ಅಪ್ಪ ಔರೇಟಸ್ ಆಗಿದ್ರೂ ಇದೇ ಉತ್ತರ ಬರೋದು.

ಆರ್‌ಎಜಿ1ನಂಥ, ಅಪ್ಪ ಅಮ್ಮ ಇಬ್ಬರಿಂದಲೂ ಬರೋ ನ್ಯೂಕ್ಲಿಯರ್ ಜೀನ್ ಒಂದನ್ನು ಓದಿಸಿ, ಎರಡು ಪ್ರಭೇದಗಳು ಬೇರೆಯಾಗೋ ಜಾಗದಲ್ಲಿ ಜೋಡಿ ಪೀಕ್ (ಒಂದೇ ಜಾಗದಲ್ಲಿ ಎರಡು ಡಿಎನ್‌ಎ ಅಕ್ಷರ) ಇದೆಯಾ ನೋಡಿದರೆ ಮಿಶ್ರತಳಿ ಅನ್ನೋಕೆ ಸಾಕಾ, ಇಲ್ಲ ಮೈಕ್ರೋಸ್ಯಾಟಲೈಟ್ (ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರೋ ಚಿಕ್ಕ ತುಂಡುಗಳ) ಪರೀಕ್ಷೆ ಬೇಕೇ ಬೇಕಾ?