ಮಿದುಳಿನ ‘ಮಾನಿಟರಿಂಗ್’ಗೆ ನಿಗಾ ಅನ್ನೋದಾ, ಕಣ್ಗಾವಲು ಅನ್ನೋದಾ?

ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪದಕ್ಕೆ ತಡಕಾಡ್ತಿದೀನಿ. ನಾನು ಆಸ್ಪತ್ರೇಲಿ ಇಇಜಿ, ಅಂದ್ರೆ ತಲೆಗೆ ವೈರ್ ಅಂಟಿಸಿ ಮಿದುಳಿನ ಅಲೆ ದಾಖಲಿಸೋ ಪರೀಕ್ಷೆ, ತೆಗೆಯೋ ಕೆಲಸದೋಳು, ಬ್ರೇನ್ ಮಾನಿಟರಿಂಗ್ ಸಾಧನಗಳ ಮಾರ್ಕೆಟ್ ಹೆಂಗೆ ಬೆಳೀತಿದೆ, ಎಲ್ಲೆಲ್ಲಿ ಮುಗ್ಗರಿಸ್ತಿದೆ ಅಂತ ಕನ್ನಡದಲ್ಲಿ ಒಂದು ಲೇಖನ ಬರೆಯೋಕೆ ಕೂತು ತಲೆಬರಹದಲ್ಲೇ ನಿಂತೋಗಿದೀನಿ.

‘ಮೇಲ್ವಿಚಾರಣೆ’ ನನಗೆ ಒಗ್ಗಲ್ಲ, ಮೇಲ್ವಿಚಾರಕ ಅಂದ್ರೆ ಹೇಳಿ ಕೆಲಸ ಮಾಡಿಸೋನು, ನಮ್ಮ ಯಂತ್ರ ಮಿದುಳಿಗೆ ಏನೂ ಹೇಳಲ್ಲ, ಸುಮ್ನೆ ನೋಡ್ತಿರುತ್ತೆ ಅಷ್ಟೇ. ‘ನಿಗಾ’ ಪಾರಸಿಯಿಂದ ಬಂದಿದ್ರೂ ನಮ್ದೇ ಆಗೋಗಿದೆ, ತೀವ್ರ ನಿಗಾ ಘಟಕ ಅಂತ ಬೋರ್ಡಲ್ಲೇ ಇರುತ್ತೆ, ಮನೇಲೂ ‘ಒಲೆ ಮೇಲೆ ಹಾಲಿದೆ, ಸ್ವಲ್ಪ ನಿಗಾ ಇರ್ಲಿ’ ಅಂತೀವಿ. ಅದರಲ್ಲಿ ಕಾಳಜಿ ಇದೆ. ಐಸಿಯುನಲ್ಲಿ ಪ್ರಜ್ಞೆ ಇಲ್ದೆ ಮಲಗಿರೋರಿಗೆ ಕೈಕಾಲು ಅಲ್ಲಾಡದೇನೇ ಒಳಗೊಳಗೇ ಫಿಟ್ಸ್ ಬರ್ತಿರಬಹುದು, ಇಇಜಿ ಹಾಕ್ದೆ ಅದು ಗೊತ್ತಾಗಲ್ಲ, ಇಂಥ ಸಾಧನಗಳಿಗೆ ಬೇಡಿಕೆ ಬರೋಕೆ ಅದೂ ಒಂದು ಕಾರಣ, ಆಮೇಲೆ ಆಪರೇಷನ್ ಹೊತ್ತಲ್ಲಿ ಅರಿವಳಿಕೆ ಎಷ್ಟು ಆಳಕ್ಕಿಳಿದಿದೆ ಅಂತ ನೋಡೋದು, ನಿದ್ದೆ ಪರೀಕ್ಷೆ. ಇಲ್ಲೆಲ್ಲಾ ‘ನಿಗಾ ಸಾಧನ’ ಸರಿಯಾಗಿ ಕೂರುತ್ತೆ.

ತೊಡಕು ಬರೋದು ಧ್ಯಾನಕ್ಕೆ, ಏಕಾಗ್ರತೆಗೆ ಅಂತ ಮಾರೋ, ಮಿದುಳಿನ ಅಲೆ ಅಳೆಯೋ ಹೆಡ್‌ಬ್ಯಾಂಡ್‌ಗಳ ವಿಷಯಕ್ಕೆ. ಚಿಲಿ ದೇಶದೋರು ಮಿದುಳಿನ ಚಟುವಟಿಕೆ, ಅದರಿಂದ ಬರೋ ಮಾಹಿತಿ ಎರಡಕ್ಕೂ ರಕ್ಷಣೆ ಕೊಡೋಕೆ 2021ರಲ್ಲಿ ಸಂವಿಧಾನಾನೇ ತಿದ್ದಿದ್ರು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮಾಜಿ ಸೆನೆಟರ್ ಗಿಡೊ ಗಿರಾರ್ಡಿ ಹಾಕಿದ್ದ ಕೇಸಲ್ಲಿ, ತಲೆಗೆ ಹಾಕ್ಕೊಳೋ ಇಂಥ ಸಾಧನ ಮಾರೋ ಎಮೋಟಿವ್ ಕಂಪನಿ ಅವರ ಮಿದುಳಿನ ಡೇಟಾ ಅಳಿಸ್ಬೇಕು ಅಂತ ಆದೇಶ ಮಾಡ್ತು. ಈ ಭಾಗ ಬರೆಯೋವಾಗ ‘ನಿಗಾ’ ಅನ್ನೋಕೆ ಮನಸ್ಸೊಪ್ಪಲಿಲ್ಲ. ಯಾರದೋ ತಲೆಯೊಳಗಿನದು ಇನ್ಯಾರದೋ ಸರ್ವರಲ್ಲಿ ಕೂತಿದ್ರೆ ಅದಕ್ಕೆ ‘ಕಣ್ಗಾವಲು’ ಅಂತಾನೇ ಹೇಳ್ಬೇಕು ಅನ್ಸುತ್ತೆ. ಇಂಗ್ಲಿಷಲ್ಲಿ ಎರಡಕ್ಕೂ ಮಾನಿಟರಿಂಗೇ, ನಮ್ಮಲ್ಲಿ ಬೇರೆ ಬೇರೆ ಪದ ಇರೋವಾಗ ಯಾಕೆ ಬಿಟ್ಕೊಡ್ಬೇಕು?

ಇನ್ನೊಂದು, ಇಇಜಿಗೆ ‘ವಿದ್ಯುನ್ಮಸ್ತಿಷ್ಕಲೇಖ’ ಅಂತ ಓದಿದೀನಿ. ಜರ್ಮನಿಯ ಯೇನಾದಲ್ಲಿ 1924ರಲ್ಲಿ ಮೊದಲ ಸಲ ಮನುಷ್ಯರ ಇಇಜಿ ತೆಗೆದ ಹಾನ್ಸ್ ಬರ್ಗರ್ ಇಟ್ಟ ಹೆಸರಲ್ಲೇ ವಿದ್ಯುತ್ ಇದೆ, ಅನುವಾದ ತಪ್ಪಲ್ಲ. ಆದ್ರೆ ನಾನು ಟೇಪ್ ಹಿಡಿದು ತಲೆ ಅಳೆದು, ಬೈತಲೆ ಬಿಡಿಸಿ ಪೆನ್ಸಿಲಲ್ಲಿ ಗುರುತು ಹಾಕಿ, ಪೇಸ್ಟ್ ಮೆತ್ತಿ ಇಪ್ಪತ್ತೊಂದು ವೈರ್ ಅಂಟಿಸೋವಾಗ ಪಕ್ಕದಲ್ಲಿ ನಿಂತಿರೋ ಅಮ್ಮಂದಿರು ಕೇಳೋ ಮೊದಲ ಪ್ರಶ್ನೆ ‘ಮಗೂಗೆ ಕರೆಂಟ್ ಕೊಡ್ತೀರಾ ಮೇಡಂ?’ ಅಂತ. ಇಲ್ಲಮ್ಮ, ಏನೂ ಕೊಡಲ್ಲ, ಮಿದುಳಲ್ಲಿ ತಾನಾಗೇ ಏಳೋ ಅಲೆ ಬರ್ಕೋತೀವಿ ಅಂದ್ರೆ ಭುಜ ಸಡಿಲ ಬಿಡ್ತಾರೆ. ಜಗತ್ತಲ್ಲಿ ಸುಮಾರು 5 ಕೋಟಿ ಜನಕ್ಕೆ ಮೂರ್ಛೆರೋಗ ಇದೆ, ಅವರಲ್ಲಿ ಹೆಚ್ಚಿನೋರು ನಮ್ಮಂಥ ದೇಶಗಳಲ್ಲೇ. ಅಲೆ ಓದಬಲ್ಲ ಡಾಕ್ಟರು ಊರೂರಲ್ಲಿಲ್ಲ, ಪೇಸ್ಟ್ ಬೇಡದ ಹೊಸ ಕ್ಯಾಪ್‌ಗಳಲ್ಲಿ ತಲೆ ಸ್ವಲ್ಪ ಆಡಿದ್ರೂ ಗೆರೆ ಕಲಸೋಗುತ್ತೆ, ಇಷ್ಟೆಲ್ಲಾ ಕಷ್ಟದ ಜೊತೆಗೆ ಹೆಸರು ಕೇಳೇ ಜನ ಹೆದರೋಹಂಗೆ ಆಗ್ಬಾರ್ದು.

ಅದಕ್ಕೆ ‘ಮಿದುಳಲೆ ಬರಹ’ ಅಂತ ಇಟ್ಕೊಂಡಿದೀನಿ. ಲೇಖ, ಬರಹ ಅಂದ್ರೆ ಯಾರೋ ಕೂತು ಬರೆದ ಹಾಗಾಗುತ್ತಾ, ‘ಮಿದುಳಲೆ ಚಿತ್ರ’ ವಾಸಿನಾ? ಉತ್ತರ ಕರ್ನಾಟಕ, ಕರಾವಳಿ ಕಡೆಯೋರು ನಿಮ್ಮಲ್ಲಿ ನಿಗಾ ಅನ್ನೋದನ್ನ ಮನೆಮಾತಲ್ಲಿ ಹೆಂಗೆ ಬಳಸ್ತೀರಿ ಅಂತಾನೂ ಹೇಳಿ.