29 ಜನ ಸತ್ತ ಗಣಿ, ಕಂಪನಿ ಮುಖ್ಯಸ್ಥನಿಗೆ ಒಂದೇ ವರ್ಷ ಜೈಲು. ಇದು ಹೇಗೆ?

ಮಂಜು_ಶಕ್ತಿನಗರ:
ಎಲ್ಲರಿಗೂ ನಮಸ್ಕಾರ. ನಮ್ಮೂರು ರಾಯಚೂರಿನ ಹತ್ತಿರದ ಶಕ್ತಿನಗರ. ಸಿಂಗರೇಣಿಯಿಂದ ಕಲ್ಲಿದ್ದಲು ಹೊತ್ತು ಬರುವ ರೇಕುಗಳನ್ನು ನೋಡುತ್ತಲೇ ಬೆಳೆದವನು ನಾನು. ಈಗ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ಅಮೆರಿಕದ ಮ್ಯಾಸ್ಸಿ ಎನರ್ಜಿ ಕಂಪನಿಯ ಡಾನ್ ಬ್ಲ್ಯಾಂಕನ್‌ಶಿಪ್ ಬಗ್ಗೆ ಓದುತ್ತಿದ್ದೆ. ಅವನೂ ಅಕೌಂಟ್ಸ್ ಓದಿದವನೇ. 2010ರ ಏಪ್ರಿಲ್ 5ರಂದು ಅವನ ಕಂಪನಿಯ ಅಪ್ಪರ್ ಬಿಗ್ ಬ್ರಾಂಚ್ ಗಣಿ ಸ್ಫೋಟಗೊಂಡು 29 ಜನ ಸತ್ತರು. ಅವನಿಗೆ ಆದದ್ದು ಒಂದು ವರ್ಷ ಜೈಲು, ಎರಡೂವರೆ ಲಕ್ಷ ಡಾಲರ್ ದಂಡ. ಲೆಕ್ಕ ಬರೆಯುವ ಮನುಷ್ಯ ಅಷ್ಟು ಎತ್ತರಕ್ಕೆ ಹೋದದ್ದು ಹೇಗೆ, ಶಿಕ್ಷೆ ಇಷ್ಟು ಕಡಿಮೆ ಯಾಕೆ? ಗಣಿ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಶ್ರೀಲತಾ_ಒಹಾಯೊ:
ಆ ಗಣಿ ಇದ್ದ ವೆಸ್ಟ್ ವರ್ಜೀನಿಯಾದ ಪಕ್ಕದ ರಾಜ್ಯದಲ್ಲೇ ಇದ್ದೇನೆ, ಈ ಕೇಸನ್ನು ಮೊದಲಿಂದ ನೋಡಿಕೊಂಡು ಬಂದಿದ್ದೇನೆ. ಅವನು ಶ್ರೀಮಂತರ ಮಗ ಅಲ್ಲ. 1950ರಲ್ಲಿ ಕೆಂಟಕಿಯಲ್ಲಿ ಹುಟ್ಟಿದ, ಬೆಳೆದದ್ದು ವೆಸ್ಟ್ ವರ್ಜೀನಿಯಾದ ಡೆಲೋರ್ಮ್ ಎಂಬ ಸಣ್ಣ ಊರಲ್ಲಿ. ತಾಯಿ ಪೆಟ್ರೋಲ್ ಪಂಪ್ ಜೊತೆಗಿನ ಒಂದು ಅಂಗಡಿ ನಡೆಸಿ ಮಕ್ಕಳನ್ನು ಸಾಕಿದಳು. ಓದುವಾಗ ಖರ್ಚಿಗೆಂದು ಸ್ವಲ್ಪ ದಿನ ಅವನೇ ಗಣಿಗೆ ಇಳಿದಿದ್ದ. 1972ರಲ್ಲಿ ಮಾರ್ಷಲ್ ಯೂನಿವರ್ಸಿಟಿಯಿಂದ ಅಕೌಂಟಿಂಗ್ ಡಿಗ್ರಿ ತಗೊಂಡ. ಬಿಸ್ಕೆಟ್ ಕಂಪನಿಯಲ್ಲಿ ಕೆಲಸ ಮಾಡಿ, 1982ರಲ್ಲಿ ಮ್ಯಾಸ್ಸಿಗೆ ಸೇರಿದ ರಾಲ್ ಎಂಬ ಘಟಕಕ್ಕೆ ಬಂದ.

ಅವನ ಹೆಸರು ಮೇಲೆ ಬಂದದ್ದು 1984-85ರ ಮುಷ್ಕರದಲ್ಲಿ. ಯೂನಿಯನ್ ಜೊತೆ ಒಂದು ಇಂಚೂ ಬಗ್ಗಲಿಲ್ಲ. ಆಗ ಯಾರೋ ಹಾರಿಸಿದ ಗುಂಡು ಅವನ ಆಫೀಸಿನ ಟೀವಿಗೆ ಬಿತ್ತು. ಆ ಒಡೆದ ಟೀವಿಯನ್ನು ಎಸೆಯದೆ ಹಾಗೇ ಇಟ್ಟುಕೊಂಡ! ಮನುಷ್ಯನ ಸ್ವಭಾವ ನನಗೆ ಅಲ್ಲೇ ಅರ್ಥ ಆಯಿತು. 1992ರಲ್ಲಿ ಇಡೀ ಕಲ್ಲಿದ್ದಲು ಕಂಪನಿಯ ಮುಖ್ಯಸ್ಥನಾದ, 2000ದಲ್ಲಿ ಮ್ಯಾಸ್ಸಿ ಎನರ್ಜಿಯ ಸಿಇಒ.

ಅವನು ಎಷ್ಟು ದೂರ ಹೋಗಬಲ್ಲ ಅನ್ನುವುದಕ್ಕೆ ಒಂದು ಸಂಗತಿ ಹೇಳಬೇಕು. ಇನ್ನೊಂದು ಗಣಿ ಕಂಪನಿ ಹೂಡಿದ್ದ ಕೇಸಿನಲ್ಲಿ ಮ್ಯಾಸ್ಸಿ ಸೋತು 5 ಕೋಟಿ ಡಾಲರ್ ಕೊಡಬೇಕಾಗಿ ಬಂತು. ಅಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಜಡ್ಜ್‌ಗಳನ್ನು ಆಗ ಚುನಾವಣೆಯಲ್ಲೇ ಆರಿಸುತ್ತಿದ್ದರು. 2004ರಲ್ಲಿ ಇವನು ತನ್ನ ಕೈಯಿಂದ ಸುಮಾರು 30 ಲಕ್ಷ ಡಾಲರ್ ಸುರಿದು, ಕುರ್ಚಿಯಲ್ಲಿದ್ದ ಜಡ್ಜ್‌ನನ್ನು ಸೋಲಿಸಿದ. ಗೆದ್ದು ಬಂದ ಹೊಸ ಜಡ್ಜ್ ಅದೇ ಕೇಸಿನ ಅಪೀಲಿನಲ್ಲಿ ಕೂತು, ತೀರ್ಪು 3-2ರಲ್ಲಿ ಮ್ಯಾಸ್ಸಿ ಕಡೆಗೆ ಬಂತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆ ಜಡ್ಜ್ ಹಿಂದೆ ಸರಿಯಬೇಕಿತ್ತು ಅಂತ 5-4ರಲ್ಲಿ ಹೇಳಿತು. ಅಂಥವನ ಗಣಿಗೆ ಒಬ್ಬ ಇನ್‌ಸ್ಪೆಕ್ಟರ್ ಹೋಗಿ ತಪ್ಪು ಬರೆದುಕೊಂಡರೆ ಯಾರು ಹೆದರುತ್ತಾರೆ ಹೇಳಿ?

ನಿವೃತ್ತ_ಓವರ್‌ಮ್ಯಾನ್:
ತಮ್ಮಾ ಮಂಜು, ನಾನು ತೆಲಂಗಾಣದ ಕಡೆ ಅಂಡರ್‌ಗ್ರೌಂಡ್ ಗಣಿಯಲ್ಲಿ ಓವರ್‌ಮ್ಯಾನ್ (ಪಾಳಿಯ ಮೇಲ್ವಿಚಾರಕ) ಆಗಿ ನಿವೃತ್ತನಾದವನು. ನಿನ್ನ ಪ್ರಶ್ನೆಗೆ ಉತ್ತರ ಗಣಿಯ ಒಳಗೇ ಇದೆ.

ಲಾಂಗ್‌ವಾಲ್‌ನಲ್ಲಿ, ಅಂದರೆ ಉದ್ದ ಗೋಡೆಯಂಥ ಕಲ್ಲಿದ್ದಲನ್ನು ಒಂದೇ ಸಮ ಕೊಯ್ಯುತ್ತಾ ಹೋಗುವ ವಿಧಾನದಲ್ಲಿ, ಶಿಯರರ್ ಅಂತ ಕಲ್ಲಿದ್ದಲು ಕೊಯ್ಯುವ ಯಂತ್ರ ಇರುತ್ತದೆ. ಅದರ ಹಲ್ಲು ಸವೆದಿತ್ತು. ಸವೆದ ಹಲ್ಲು ಮರಳುಗಲ್ಲಿಗೆ ಉಜ್ಜಿದರೆ ಕಿಡಿ ಬರುತ್ತದೆ. ಕಿಡಿ ಆರಿಸಲು ಯಂತ್ರದಲ್ಲೇ ನೀರಿನ ಸ್ಪ್ರೇ ಇರುತ್ತವೆ, ಅವುಗಳಲ್ಲಿ ಕೆಲವು ಇರಲೇ ಇಲ್ಲ. ಗಾಳಿ ಸರಿಯಾಗಿ ಆಡದ ಕಾರಣ ಮೀಥೇನ್ ಎಂಬ ಬೇಗ ಹೊತ್ತುವ ಗ್ಯಾಸ್ ಸೇರಿಕೊಂಡಿತ್ತು, ಅದು ಹೊತ್ತಿತು. ಅಷ್ಟೇ ಆಗಿದ್ದರೆ ಸಣ್ಣ ಬೆಂಕಿಯಲ್ಲಿ ಮುಗಿಯುತ್ತಿತ್ತು. ಆದರೆ ಕಲ್ಲಿದ್ದಲಿನ ನುಣ್ಣನೆ ಪುಡಿ ಎಲ್ಲ ಕಡೆ ಕೂತಿತ್ತು. ಹಿಟ್ಟಿನ ಗಿರಣಿಯಲ್ಲಿ ತೇಲುವ ಹಿಟ್ಟಿಗೆ ಕಿಡಿ ಬಿದ್ದರೆ ಹೇಗೆ ಹೊತ್ತಿಕೊಳ್ಳುತ್ತದೋ ಹಾಗೆ, ಇದೂ ಗಾಳಿಗೆ ಎದ್ದು ಹೊತ್ತುತ್ತಾ ಮೈಲಿಗಟ್ಟಲೆ ಓಡಿತು.

ಇದಕ್ಕೆ ಮದ್ದು ನಮಗೆಲ್ಲ ಗೊತ್ತಿದ್ದದ್ದೇ. ಸ್ಟೋನ್ ಡಸ್ಟಿಂಗ್. ಸುಣ್ಣಕಲ್ಲಿನ ಪುಡಿಯನ್ನು ದಾರಿಯುದ್ದಕ್ಕೂ ಹಾಕಬೇಕು, ಆಗ ಬೆಂಕಿ ಮುಂದೆ ಹೋಗುವುದಿಲ್ಲ. ಅಗ್ಗದ ಕೆಲಸ, ಆದರೆ ದಿನಾ ಮಾಡಬೇಕು. ಅಷ್ಟು ದೊಡ್ಡ ಗಣಿಗೆ ಅವರು ಇಟ್ಟಿದ್ದದ್ದು ಇಬ್ಬರನ್ನು, ಅದೂ ಪದೇ ಪದೇ ಕೆಡುವ ಒಂದು ಹಳೇ ಯಂತ್ರದ ಜೊತೆ. ಇದನ್ನು ಓದಿದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ.

ಇನ್ನೂ ಒಂದು ಇದೆ. ಇನ್‌ಸ್ಪೆಕ್ಟರ್ ಗೇಟಿಗೆ ಬಂದ ಕೂಡಲೇ ಕಾವಲಿನವರು ರೇಡಿಯೋದಲ್ಲಿ ಸುದ್ದಿ ಕೊಡುತ್ತಿದ್ದರು, ಅವನು ಒಳಗೆ ಇಳಿಯುವಷ್ಟರಲ್ಲಿ ಎಲ್ಲ ಸರಿಮಾಡಿ ಇಟ್ಟಿರುತ್ತಿದ್ದರು. ದೋಷಗಳನ್ನು ಕಂಪನಿಯ ಒಳಗಿನ ಪುಸ್ತಕದಲ್ಲಿ ಬರೆಯುವುದು, ಸರ್ಕಾರ ನೋಡುವ ಪುಸ್ತಕದಲ್ಲಿ ಬಿಡುವುದು. ಸತ್ತವರಲ್ಲಿ 24 ಜನರ ಶ್ವಾಸಕೋಶ ಪರೀಕ್ಷೆ ಮಾಡಲು ಆಯಿತು, ಅದರಲ್ಲಿ 17 ಜನರಿಗೆ ಕಲ್ಲಿದ್ದಲು ಧೂಳಿನ ಕಾಯಿಲೆ ಇತ್ತು. ಸ್ಫೋಟ ಆಗದಿದ್ದರೂ ಆ ಗಣಿ ಅವರನ್ನು ತಿನ್ನುತ್ತಲೇ ಇತ್ತು.

ಕಿರಣ್_ಬಿ:
ಎಲ್ಲ ಸರಿ, ಆದರೆ ಸಿಇಒ ಮೇಲಿನ ಆಫೀಸಲ್ಲಿ ಕೂತಿರುತ್ತಾನೆ. ಕೆಳಗೆ ಸ್ಪ್ರೇ ಇದೆಯೋ ಇಲ್ಲವೋ ಅವನಿಗೆ ಹೇಗೆ ಗೊತ್ತಾಗಬೇಕು? ಸುಮ್ನೆ ದೊಡ್ಡವನ ತಲೆಗೆ ಕಟ್ಟುವುದು ಸುಲಭ. ಬೇರೆ ಕೆಲಸ ಇಲ್ಲದ ಆ ಬೆಟ್ಟದ ಊರುಗಳಿಗೆ ಸಾವಿರಾರು ಕೆಲಸ ಕೊಟ್ಟ ಕಂಪನಿ ಅದು.

ಶ್ರೀಲತಾ_ಒಹಾಯೊ:
ಕಿರಣ್ ಅವರೇ, ಅವನ ವಿಷಯದಲ್ಲಿ ಈ ಮಾತು ನಿಲ್ಲುವುದಿಲ್ಲ. ಅಪ್ಪರ್ ಬಿಗ್ ಬ್ರಾಂಚ್‌ನಿಂದ ಎಷ್ಟು ಕಲ್ಲಿದ್ದಲು ಬಂತು ಅನ್ನುವ ವರದಿ ಅರ್ಧ ಗಂಟೆಗೊಮ್ಮೆ ಅವನಿಗೆ ಹೋಗುತ್ತಿತ್ತು. ಕೆಲಸ ಯಾಕೆ ನಿಂತಿತು ಅಂತ ಕೇಳುವವನಿಗೆ ಗಾಳಿ ಯಾಕೆ ಇಲ್ಲ ಅಂತ ಕೇಳಲು ಆಗುತ್ತಿರಲಿಲ್ಲವೇ? 2005ರಲ್ಲಿ ಗಣಿಗಳ ಸೂಪರಿಂಟೆಂಡೆಂಟ್‌ಗಳಿಗೆ ಒಂದು ಮೆಮೊ ಕಳಿಸಿದ್ದ. ಗಾಳಿಯ ಓವರ್‌ಕಾಸ್ಟ್ (ಒಂದು ಗಾಳಿಯ ದಾರಿಯನ್ನು ಇನ್ನೊಂದರ ಮೇಲೆ ದಾಟಿಸುವ ಸೇತುವೆ) ಕಟ್ಟಿ, ಮತ್ತೊಂದು ಮಾಡಿ ಅಂತ ಯಾರೇ ಹೇಳಿದರೂ ಕೇಳಬೇಡಿ, ಕಲ್ಲಿದ್ದಲು ತೆಗೆಯಿರಿ ಅನ್ನುವುದು ಅದರ ಸಾರ. ಮೂರು ತಿಂಗಳಲ್ಲಿ, 2006ರ ಜನವರಿಯಲ್ಲಿ, ಅದೇ ಕಂಪನಿಯ ಅರಾಕೋಮಾ ಗಣಿಯಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟ್‌ಗೆ ಬೆಂಕಿ ಬಿತ್ತು. ಹೊಗೆ ತಡೆಯಬೇಕಾದ ಗೋಡೆಗಳೇ ಇರಲಿಲ್ಲ, ಇಬ್ಬರು ಸತ್ತರು. ಅಂದರೆ 2010ಕ್ಕೆ ಮೊದಲೇ ಒಮ್ಮೆ ಪಾಠ ಆಗಿತ್ತು. ಕೆಲಸ ಕೊಟ್ಟದ್ದು ನಿಜ, ಆ ಕೆಲಸಕ್ಕೆ ಬೆಳಿಗ್ಗೆ ಹೋದವರು ಸಂಜೆ ಮನೆಗೆ ಬರಬೇಕಲ್ವಾ?

ವಕೀಲ_ಧಾರವಾಡ:
ಶಿಕ್ಷೆಯ ವಿಷಯ ನಾನು ಹೇಳುತ್ತೇನೆ. ಮೊದಲನೆಯದು, ಅವನ ಮೇಲೆ 29 ಜನರನ್ನು ಕೊಂದ ಆರೋಪ ಇರಲೇ ಇಲ್ಲ. ಗಣಿ ಸುರಕ್ಷತಾ ನಿಯಮಗಳನ್ನು ಬೇಕೆಂದೇ ಮುರಿಯಲು ಸಂಚು ಮಾಡಿದ್ದು, ಸ್ಫೋಟದ ನಂತರ ಸುರಕ್ಷತೆಯ ಬಗ್ಗೆ ಹೂಡಿಕೆದಾರರಿಗೆ ಸುಳ್ಳು ಹೇಳಿದ್ದು, ಹೀಗೆ ಆರೋಪಗಳಿದ್ದವು. ಗಮನಿಸಿ, ಜಾಸ್ತಿ ಶಿಕ್ಷೆ ಇದ್ದದ್ದು ಷೇರುದಾರರಿಗೆ ಸುಳ್ಳು ಹೇಳಿದ್ದಕ್ಕೆ. ಎಲ್ಲ ಸೇರಿದರೆ 30 ವರ್ಷದವರೆಗೂ ಹೋಗಬಹುದಿತ್ತು. 2015ರ ಡಿಸೆಂಬರ್ 3ರಂದು ಜ್ಯೂರಿ ಸಂಚು ಒಂದನ್ನು ಮಾತ್ರ ಒಪ್ಪಿತು. ಅಲ್ಲಿನ 1977ರ ಗಣಿ ಕಾಯ್ದೆಯಲ್ಲಿ ಅದು ಸಣ್ಣ ಅಪರಾಧ, ಗರಿಷ್ಠ ಶಿಕ್ಷೆಯೇ ಒಂದು ವರ್ಷ. ಜಡ್ಜ್ ಅಷ್ಟನ್ನೂ ಕೊಟ್ಟರು, ಕೊಡಲು ಅವರ ಕೈಯಲ್ಲಿ ಬೇರೆ ಇರಲಿಲ್ಲ. ಇನ್ನೊಂದು ವಿಷಯ, ಅವನು ತನ್ನ ಆಫೀಸಿನ ಫೋನ್ ಮಾತುಗಳನ್ನು ತಾನೇ ರೆಕಾರ್ಡ್ ಮಾಡಿಸಿಕೊಂಡಿದ್ದ, ಅವೇ ಕೋರ್ಟಿನಲ್ಲಿ ಅವನ ವಿರುದ್ಧ ಸಾಕ್ಷಿಯಾದವು.

ಮಂಜು_ಶಕ್ತಿನಗರ:
ತುಂಬಾ ಧನ್ಯವಾದ ಎಲ್ಲರಿಗೂ. ಹೊರಗೆ ಬಂದ ಮೇಲೆ ಅವನೇನು ಮಾಡಿದ? ಮತ್ತೆ ನಮ್ಮ ದೇಶದ ಕಾನೂನು ಇದಕ್ಕಿಂತ ಗಟ್ಟಿಯೇ ಸರ್?

ವಕೀಲ_ಧಾರವಾಡ:
2017ರಲ್ಲಿ ಬಿಡುಗಡೆ ಆಯಿತು. 2018ರಲ್ಲಿ ಸೆನೆಟ್‌ಗೆ ನಿಲ್ಲಲು ರಿಪಬ್ಲಿಕನ್ ಟಿಕೆಟ್ ಕೇಳಿ ಮೂರನೇ ಸ್ಥಾನಕ್ಕೆ ಬಂದ. 2020ರಲ್ಲಿ ಕಾನ್‌ಸ್ಟಿಟ್ಯೂಷನ್ ಪಾರ್ಟಿಯಿಂದ ಅಧ್ಯಕ್ಷ ಚುನಾವಣೆಗೇ ನಿಂತ. ತಾನು ನಿರಪರಾಧಿ, ಭೂಮಿಯೊಳಗಿಂದ ಏಕಾಏಕಿ ನುಗ್ಗಿದ ಗ್ಯಾಸೇ ಕಾರಣ ಅನ್ನುವುದು ಅವನ ವಾದ, ಸರ್ಕಾರದ ತನಿಖೆ ಅದನ್ನು ಒಪ್ಪಿಲ್ಲ.

ನಮ್ಮಲ್ಲಿ ಗಟ್ಟಿಯೇ? ಧನಬಾದ್ ಹತ್ತಿರದ ಚಾಸ್ನಾಲಾ ಗಣಿಗೆ 1975ರ ಡಿಸೆಂಬರ್ 27ರಂದು ನೀರು ನುಗ್ಗಿ 375 ಜನ ಸತ್ತರು. ತೀರ್ಪು ಬಂದದ್ದು 2012ರಲ್ಲಿ. ಅಷ್ಟರಲ್ಲಿ ಆರೋಪಿಗಳಲ್ಲೇ ಕೆಲವರು ತೀರಿಕೊಂಡಿದ್ದರು. ಉಳಿದ ಇಬ್ಬರು ಅಧಿಕಾರಿಗಳಿಗೆ ಒಂದು ವರ್ಷ ಜೈಲು, ತಲಾ 5000 ರೂಪಾಯಿ ದಂಡ.